ಜೇನುಕಲ್ಲು ಗುಡ್ಡದ ಮೇಲೆ ಎರಡನೇ ಆಟ

‘ಗುಡ್ಡ’ ಅಂದ ಕೂಡಲೇ ನಮ್ಮ ಚಿತ್ರರಸಿಕರಿಗೆ ನೆನಪಾಗುವುದು ಯಾವುದು? ಇನ್ನೇನು, 1973ರ ‘ಎಡಕಲ್ಲು ಗುಡ್ಡದ ಮೇಲೆ’! ಪುಟ್ಟಣ್ಣ ಕಣಗಾಲರು ಕ್ಯಾಮೆರಾ ಇಟ್ಟ ಜಾಗಕ್ಕೆ ಯೋಗ ಬಂತೆಂದೇ ಲೆಕ್ಕ. ಅದರ ಹಿಂದಿನ ವರ್ಷ ‘ನಾಗರಹಾವು’ ಬಂದದ್ದೇ ತಡ, ಚಿತ್ರದುರ್ಗದ ಕೋಟೆಗೆ ಹೋದವರೆಲ್ಲ ಬಂಡೆ ಬಂಡೆಯ ಮೇಲೂ ರಾಮಾಚಾರಿಯನ್ನೇ ಹುಡುಕತೊಡಗಿದರು. ಆಮೇಲೆ ತೊಂಬತ್ತರ ದಶಕದಲ್ಲಿ ಸುನೀಲ್ ಕುಮಾರ್ ದೇಸಾಯಿಯವರ ‘ನಮ್ಮೂರ ಮಂದಾರ ಹೂವೆ’ ಬಂತು. ನಮ್ಮ ಉತ್ತರ ಕನ್ನಡದ ಯಾಣದ ಕರಿ ಬಂಡೆಗಳು ರಾಜ್ಯಕ್ಕೆಲ್ಲ ಪರಿಚಯವಾದವು. ಅಲ್ಲಿಯವರೆಗೆ ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕ ಇದ್ದವ ಗೋಕರ್ಣಕ್ಕೆ’ ಅಂತ ಗಾದೆ ಇತ್ತು. ಆಮೇಲೆ ಸೊಕ್ಕು, ರೊಕ್ಕ ಎರಡೂ ಇಲ್ಲದವರೂ ಯಾಣಕ್ಕೆ ಹೊರಟರು!

2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಂದಾಗ ನನಗೆ ಒಂಬತ್ತು ವರ್ಷ. ತೆರೆಯ ಮೇಲೆ ಜೋಗ ಕಂಡಾಗ ಎದ್ದು ನಿಂತು ಕೂಗಿದ್ದು ನೆನಪಿದೆ. ಯಾಕೆ ಕೂಗಬಾರದು? ಜೋಗದ ಒಂದು ದಡ ಸಾಗರ ತಾಲೂಕಾದರೆ ಇನ್ನೊಂದು ದಡ ನಮ್ಮ ಸಿದ್ದಾಪುರ ತಾಲೂಕು! ಅವತ್ತಿನಿಂದ ನನಗೊಂದು ಹುಚ್ಚು ಹಿಡಿಯಿತು. ಗುಡ್ಡ ಕಂಡರೆ ಗುಡ್ಡ ಅನ್ನಿಸುತ್ತಿರಲಿಲ್ಲ, ಲೊಕೇಷನ್ ಅನ್ನಿಸುತ್ತಿತ್ತು. ಹೊಳೆ ಕಂಡರೆ ಹಾಡು. ಕಮರಿ ಕಂಡರೆ ಕ್ಲೈಮ್ಯಾಕ್ಸು.

ಆದರೆ ಮಿತ್ರರೇ, ಇವತ್ತು ನಾನು ಹೇಳಹೊರಟಿರುವುದು ಬೆಳ್ಳಿತೆರೆಯ ಗುಡ್ಡದ ಕತೆಯಲ್ಲ. ಒಂದೇ ದಾರಿಯನ್ನು ಒಬ್ಬನೇ ಗೆಳೆಯನ ಜೊತೆ ಎರಡು ಸಲ ನಡೆದ ಕತೆ. ಮೊದಲ ಸಲ 2014ರ ಡಿಸೆಂಬರ್. ಎರಡನೇ ಸಲ ಮೊನ್ನೆಯ ಚಳಿಗಾಲ. ನಡುವೆ ಹನ್ನೊಂದು ವರ್ಷ, ಮತ್ತು ನಾನು ಮಾಡಿದ ಒಂದು ತಪ್ಪು.

ಮೊದಲನೇ ಆಟ

ಶಿರಸಿಯಲ್ಲಿ ಪಿಯುಸಿ ಓದುತ್ತಿದ್ದ ದಿನಗಳು. ನಾನು ಸಿದ್ದಾಪುರದವ, ಅವನು ಯಲ್ಲಾಪುರ ಕಡೆಯವ. ಇಬ್ಬರಿಗೂ ಒಂದೇ ಬೆಂಚು, ಒಂದೇ ರೂಮು. ಅವನ ಹೆಸರು ಇಲ್ಲಿ ಬೇಡ. ಕಾಲೇಜಿನಲ್ಲಿ ಎಲ್ಲರೂ ‘ಮಾಣಿ’ ಅಂತಲೇ ಕರೆಯುತ್ತಿದ್ದರು. ಹವ್ಯಕರ ಮನೆಗಳಲ್ಲಿ ಹುಡುಗರಿಗೆ ಹಾಗೇ ಅನ್ನುವುದು. ಮನೆಯಲ್ಲಿ ಹವ್ಯಕ ಕನ್ನಡ ಆಡುವ ಮಾಣಿ ನನ್ನ ಹತ್ತಿರ ಮಾತ್ರ ‘ಶಾಲೆ ಕನ್ನಡ’ ಆಡುತ್ತಿದ್ದ.

ಒಂದು ಶುಕ್ರವಾರ ಕಾಲೇಜಿಗೆ ಚಕ್ಕರ್ ಹೊಡೆದೆವು. ಶುಕ್ರವಾರ ಚಕ್ಕರ್ ಹೊಡೆದರೆ ಟಾಕೀಸಿಗೆ ಹೋಗುವುದು ವಾಡಿಕೆ. ಅವತ್ತು ಮಾಣಿ ಹೇಳಿದ:

“ಸಿನಿಮಾ ನೋಡಿದ್ದು ಸಾಕು ಮಾರಾಯ. ನೀನೇ ತೆಗಿ ಒಂದು. ಜೇನುಕಲ್ಲು ಗುಡ್ಡ ತೋರಿಸ್ತೇನೆ ಬಾ.”

ಶಿರಸಿಯಿಂದ ಯಲ್ಲಾಪುರ ಸುಮಾರು 50 ಕಿಲೋಮೀಟರ್. ಅಲ್ಲಿಂದ ಮಾಗೋಡಿನ ದಾರಿ ಹಿಡಿದೆವು. ದಾರಿಯಲ್ಲಿ ಕವಡಿಕೆರೆ ಸಿಗುತ್ತದೆ. ಕಾಡಿನ ನಡುವೆ ಅಷ್ಟಗಲದ ಕೆರೆ, ದಡದಲ್ಲಿ ದೇವಿಯ ಗುಡಿ. ಆ ಸೀಮೆಯಲ್ಲೇ ಚಂದಗುಳಿಯ ಗಂಟೆ ಗಣಪತಿಯೂ ಇದ್ದಾನೆ. ಹರಕೆ ತೀರಿದವರು ತಂದು ಕಟ್ಟಿದ ಗಂಟೆಗಳು ಸಾಲು ಸಾಲು. ನಾನು ‘ನಿರ್ದೇಶಕ ಆದರೆ ದೊಡ್ಡ ಗಂಟೆ ಕಟ್ಟುತ್ತೇನೆ’ ಅಂತ ಹರಕೆ ಹೊತ್ತೆ. ಆ ಗಂಟೆ ಇನ್ನೂ ಅಂಗಡಿಯಲ್ಲೇ ಇದೆ, ಆ ಮಾತು ಬೇರೆ!

ಮಾಗೋಡು ಜಲಪಾತ ನೋಡಿದ್ದೀರಾ? ಧಾರವಾಡದ ಬಯಲು ಸೀಮೆಯಿಂದ ಶಾಂತವಾಗಿ ಬರುವ ಬೇಡ್ತಿ ಹೊಳೆ ಇಲ್ಲಿ ಒಮ್ಮೆಗೇ ನೆಲ ತಪ್ಪಿದವಳ ಹಾಗೆ ಕೆಳಗೆ ಬೀಳುತ್ತಾಳೆ. ಒಟ್ಟು ಸುಮಾರು 200 ಮೀಟರ್, ಎರಡು ಹಂತದಲ್ಲಿ. ಜೋಗದಂತೆ ಹತ್ತಿರ ಹೋಗಿ ಮೈ ಒದ್ದೆ ಮಾಡಿಕೊಳ್ಳುವ ಜಲಪಾತ ಅಲ್ಲ ಇದು. ಎದುರು ಗುಡ್ಡದಿಂದ ನೋಡಬೇಕು. ನೀರು ಬೀಳುವುದು ಕಾಣುತ್ತದೆ, ಸದ್ದು ಆಮೇಲೆ ತೇಲಿ ಬರುತ್ತದೆ. ಡಬ್ಬಿಂಗ್ ಸರಿ ಹೊಂದದ ಚಿತ್ರದ ಹಾಗೆ!

ಮಾಗೋಡಿನಿಂದ ಜೇನುಕಲ್ಲು ಗುಡ್ಡಕ್ಕೆ ರಸ್ತೆ ಇದೆ. ಮಾಣಿ ರಸ್ತೆ ಬಿಟ್ಟು ಗುಡ್ಡದ ನೆತ್ತಿಯ ಮೇಲಿನ ಕಾಲುದಾರಿ ಹಿಡಿಸಿದ. ಎಡಕ್ಕೂ ಬಲಕ್ಕೂ ಇಳಿಜಾರು, ನಡುವೆ ದನ ಕರು ಓಡಾಡಿ ಸವೆದ ಒಂದು ಅಡಿ ಅಗಲದ ಜಾಡು. ಮತ್ತಿ, ನಂದಿ, ಹೊನ್ನೆ ಮರಗಳ ಸಂದಿಯಿಂದ ಆಗಾಗ ಕೆಳಗಿನ ಕಣಿವೆ ಇಣುಕುತ್ತಿತ್ತು. ಸಂಜೆಯ ಹೊತ್ತಿಗೆ ಜೇನುಕಲ್ಲು ತಲುಪಿದೆವು. ಕಡಿದಾದ ಬಂಡೆಗಳಿಗೆ ಹೆಜ್ಜೇನು ಕಟ್ಟುವುದರಿಂದ ಈ ಹೆಸರು. ಗುಡ್ಡ ಅಲ್ಲಿಗೆ ಕತ್ತರಿಸಿದ ಹಾಗೆ ಮುಗಿಯುತ್ತದೆ. ಕೆಳಗೆ ಬೇಡ್ತಿಯ ಕೊಳ್ಳ. ಮುಂದೆ ಒಂದರ ಹಿಂದೊಂದು ಗುಡ್ಡಗಳ ಸಾಲು. ಅವುಗಳ ಹಿಂದೆ ಸೂರ್ಯ ಮುಳುಗುತ್ತಿದ್ದ.

ನಾನು ಅಂಚಿಗೆ ಹೋಗಿ ಎರಡೂ ಕೈ ಚಾಚಿ ನಿಂತೆ. ಮಾಣಿ ಅವನ ಮೊಬೈಲಿನಲ್ಲಿ ಚಿತ್ರೀಕರಿಸಿದ. ನಾಯಕ ನಾನೇ, ಸಂಭಾಷಣೆ ನನ್ನದೇ, ಪ್ರತಿಧ್ವನಿ ಮಾತ್ರ ಕಣಿವೆಯದು.

“ಎಂಥಾ ಲೊಕೇಷನ್ ಮಾರಾಯ ಇದು!” ಅಂದೆ.

“ಲೊಕೇಷನ್ ಎಂತದು? ಅಲ್ಲಿ ಪಡುವಣಕ್ಕೆ ನಮ್ಮನೆ ಇರೋದು” ಅಂದ ಮಾಣಿ.

ನಾನು ನಕ್ಕೆ. ಅವನೂ ನಕ್ಕ. ಕೊನೆಯ ಬಸ್ಸು ತಪ್ಪಿತು. ಗುರುತಿಲ್ಲದ ಒಂದು ಮನೆಯವರು ಕರೆದು ತಂಬುಳಿ ಅನ್ನ ಬಡಿಸಿ, ಜಗಲಿಯಲ್ಲಿ ಕಂಬಳಿ ಹಾಸಿಕೊಟ್ಟರು. ನಮ್ಮ ಸೀಮೆಯಲ್ಲಿ ಅದು ವಿಶೇಷವೇನಲ್ಲ.

ಇಂಟರ್‌ವಲ್

ಮುಂದಿನ ಪರೀಕ್ಷೆಯಲ್ಲಿ ಫಿಸಿಕ್ಸು ನನ್ನನ್ನು ಕೈಬಿಟ್ಟಿತು. ನಾನು ಕಾಲೇಜನ್ನೇ ಕೈಬಿಟ್ಟೆ. ಮಾಣಿ ಪಾಸಾದ, ಆದರೆ ಮುಂದೆ ಓದಲಿಲ್ಲ. ಅಪ್ಪಯ್ಯನಿಗೆ ಸೊಂಟ ನೋವು, ತೋಟ ನೋಡುವವರಿಲ್ಲ ಅಂತ ಮನೆಗೆ ಹೋದ. ನಾನು ಬೆಂಗಳೂರಿನ ರಾತ್ರಿ ಬಸ್ಸು ಹತ್ತಿದೆ. ಸಹಾಯಕ ನಿರ್ದೇಶಕನ ಸಹಾಯಕನಿಗೆ ಸಹಾಯಕನಾದೆ! ಗಾಂಧಿನಗರದ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆಯಿತು. ಕೊನೆಗೆ ಚಿತ್ರಗಳ ಸುದ್ದಿ, ಮುಹೂರ್ತದ ವರದಿ, ಹೊಸ ನಟರ ಸಂದರ್ಶನ ಬರೆಯುವುದೇ ಹೊಟ್ಟೆಪಾಡಾಯಿತು. ಮಾಣಿಯ ಫೋನು ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ.

2021ರ ಜುಲೈ ತಿಂಗಳು. 22, 23ನೇ ತಾರೀಖು. ಘಟ್ಟದ ಮೇಲೆ ಹಗಲೂ ರಾತ್ರಿ ಮಳೆ. ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯ ಅರಬೈಲ್ ಘಟ್ಟದಲ್ಲಿ ಗುಡ್ಡ ಜಾರಿ ವಾಹನಗಳೆಲ್ಲ ನಿಂತವು. ಗುಳ್ಳಾಪುರದ ಸೇತುವೆ ಗಂಗಾವಳಿಯಲ್ಲಿ ಕೊಚ್ಚಿಹೋಯಿತು. ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡಗಳೇ ಕುಸಿದು ಮನೆ, ಅಡಿಕೆ ತೋಟ, ರಸ್ತೆ ಮಣ್ಣಾದವು. ಅದೇ ವಾರ ಅಧಿಕಾರ ವಹಿಸಿಕೊಂಡಿದ್ದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜಿಲ್ಲೆಗೆ ಬಂದು ಹಾನಿ ನೋಡಿ ಹೋದರು. ಮಾಣಿಯ ಮನೆ ಕಳಚೆಯ ಆಸುಪಾಸಿನಲ್ಲೇ.

ನಾನು ಬೆಂಗಳೂರಿನ ರೂಮಿನಲ್ಲಿ ಕೂತು ಫೋನು ಮಾಡಿದೆ. ಸಿಗಲಿಲ್ಲ. ಮರುದಿನವೂ ಇಲ್ಲ. ಎರಡು ದಿನ ಬಿಟ್ಟು ರಾತ್ರಿ ಮೊಬೈಲಿಗೆ ಒಂದೇ ಒಂದು ಫೋಟೋ ಬಂತು. ಕೆಂಪು ಮಣ್ಣಿನ ದೊಡ್ಡ ಗಾಯ, ಅದರ ತುದಿಯಲ್ಲಿ ತಲೆಕೆಳಗಾದ ಅಡಿಕೆ ಮರಗಳು. ಸ್ವಲ್ಪ ಅಲುಗಿದ ಫೋಟೋ. ಕೆಳಗೆ ಎರಡೇ ಶಬ್ದ: ‘ಮನೆ ಉಳಿತು.’

ಈಗ ನನ್ನ ತಪ್ಪು ಕೇಳಿ. ನಾನು ಊರಿಗೆ ಹೋಗಲಿಲ್ಲ. ಆ ಫೋಟೋ ಇಟ್ಟುಕೊಂಡು ಒಂದು ಪತ್ರಿಕೆಗೆ ಮುನ್ನೂರು ಶಬ್ದದ ಬರಹ ಕಳಿಸಿದೆ. ಕಣ್ಣಾರೆ ಕಂಡವನ ಹಾಗೆ ಬರೆದೆ. ‘ಎರಡು ಎಕರೆ ತೋಟ ನಾಮಾವಶೇಷ’ ಅಂತ ಹಾಕಿದೆ. ಮಾಣಿಯನ್ನು ಕೇಳಿದ್ದೆನೇ? ಇಲ್ಲ. ‘ಎರಡು ಎಕರೆ’ ಓದಲು ಚೆನ್ನಾಗಿತ್ತು, ಅಷ್ಟೇ. ಫೋಟೋದ ಕೆಳಗೆ ನನ್ನ ಹೆಸರು ಅಚ್ಚಾಯಿತು. 500 ರೂಪಾಯಿ ಬಂತು. ಆ ದುಡ್ಡಿನಲ್ಲಿ ರೂಮಿನ ಕರೆಂಟ್ ಬಿಲ್ಲು ಕಟ್ಟಿದೆ. ಮಾಣಿಗೆ ಹೇಳಲಿಲ್ಲ. ಆಮೇಲೆ ಫೋನು ಮಾಡಲು ಕೈ ಬರಲಿಲ್ಲ. ಹೀಗೆ ನಾಲ್ಕು ವರ್ಷ ಕಳೆಯಿತು.

ಎರಡನೇ ಆಟ

ಮೊನ್ನೆ ಡಿಸೆಂಬರಿನಲ್ಲಿ ಊರಿಗೆ ಬಂದವನು ಧೈರ್ಯ ಮಾಡಿ ಫೋನು ಹಚ್ಚಿದೆ.

“ಜೇನುಕಲ್ಲಿಗೆ ಬರ್ತೀಯೇನೋ? ಅದೇ ದಾರಿಯಲ್ಲಿ?”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಬುಧವಾರ ಬಾ. ಗುರುವಾರದಿಂದ ಕೊನೆ ಕೊಯ್ಲು ಇದ್ದು” ಅಂದ. ಬಾಯಿ ತಪ್ಪಿ ಮನೆಮಾತು ಬಂದುಬಿಟ್ಟಿತ್ತು. ನನಗೆ ಅಷ್ಟೇ ಸಾಕಾಯಿತು.

ಯಲ್ಲಾಪುರ ಬಸ್ ಸ್ಟ್ಯಾಂಡಿನಲ್ಲಿ ಬೈಕು ಹಿಡಿದು ನಿಂತಿದ್ದ. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. “ಎಂತ ಮಾರಾಯ, ಸಣ್ಣ ಆಗಿದ್ಯಲ್ಲೋ” ಅಂದ. “ಬೆಂಗಳೂರಿನ ಊಟ” ಅಂದೆ. ಹತ್ತಿಕೊಂಡೆ.

ಮಾಗೋಡಿನಲ್ಲಿ ಬೈಕು ನಿಲ್ಲಿಸಿ ಮೊದಲಿನ ಹಾಗೆಯೇ ಗುಡ್ಡದ ನೆತ್ತಿಯ ದಾರಿ ಹಿಡಿದೆವು. ಚಳಿಗಾಲವಾದ್ದರಿಂದ ಉಂಬಳದ ಕಾಟ ಇರಲಿಲ್ಲ. ಮೇಲೆಲ್ಲೋ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯುವ ಸದ್ದು, ಉಗಿಬಂಡಿ ಹೋದ ಹಾಗೆ. ನಾನು ಹಳೆಯ ಅಭ್ಯಾಸದಂತೆ ಎರಡು ಬೆರಳು ಜೋಡಿಸಿ ಫ್ರೇಮ್ ಕಟ್ಟುತ್ತ ನಡೆದೆ. ಮಾಣಿ ಹಾಗಲ್ಲ. ಅವನ ಕಣ್ಣು ನೆಲದ ಮೇಲೇ. ಒಂದು ಕಡೆ ನಿಂತ.

“ಈ ಮರ ನೋಡು. ಬುಡ ಓರೆ, ಮೇಲೆ ನೆಟ್ಟಗೆ. ಎಂತಕ್ಕೆ ಹೇಳು?”

“ಗಾಳಿಗೆ?”

“ಗಾಳಿಗಲ್ಲ. ನೆಲ ನಿಧಾನಕ್ಕೆ ಕೆಳಗೆ ಜಾರ್ತಾ ಇದೆ. ಮರಕ್ಕೆ ಸೂರ್ಯನ ಕಡೆ ಹೋಗಬೇಕಲ್ಲ, ಅದಕ್ಕೇ ತಿರುಗಿ ನೆಟ್ಟಗಾಗ್ತದೆ.”

ಫಿಸಿಕ್ಸಿನಲ್ಲಿ ಪಾಸಾದವನ ಮಾತು ಅದಲ್ಲ, ಪೆಟ್ಟು ತಿಂದವನ ಮಾತು. ದಾರಿಯುದ್ದಕ್ಕೂ ಪಾಠ ಮಾಡಿದ. ನಮ್ಮ ಘಟ್ಟದ ಗುಡ್ಡಗಳಲ್ಲಿ ಮೇಲೆ ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಹಬ್ಬಕ್ಕೆ ಅಮ್ಮಂದಿರು ಗೋಡೆಗೆ ಚಿತ್ರ ಬರೆಯುತ್ತಿದ್ದರಲ್ಲ, ಅದೇ ಬಿಳಿ ಶೇಡಿ. ಒಣಗಿದ್ದಾಗ ಗಟ್ಟಿ. ನೀರು ಕುಡಿದರೆ ಸಾಬೂನು! ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿದ ಮಳೆನೀರು ಶೇಡಿಗೆ ಬಂದು ನಿಲ್ಲುತ್ತದೆ. ಒಂದೆರಡು ದಿನದಲ್ಲಿ ತಿಂಗಳ ಮಳೆ ಸುರಿದರೆ ನೀರಿಗೆ ಹೊರಗೆ ಹೋಗುವ ದಾರಿ ಸಿಗುವುದಿಲ್ಲ, ಒಳಗಿಂದಲೇ ದೂಡುತ್ತದೆ. ಆಗ ಮೇಲಿನ ಗುಡ್ಡ, ಗುಡ್ಡದ ಮೇಲಿನ ಮರ, ಮರದ ನೆರಳಿನ ಮನೆ, ಎಲ್ಲ ಒಟ್ಟಿಗೆ ಹೊರಡುತ್ತವೆ. ಇಳಿಜಾರನ್ನು ಕಡಿದು ರಸ್ತೆ ಮಾಡಿದ್ದರೆ, ಬೇರು ಹಿಡಿದುಕೊಳ್ಳುವ ಮರ ಹೋಗಿದ್ದರೆ ಕೆಲಸ ಇನ್ನೂ ಸಲೀಸು.

“ಮುಂಚೆ ಗೊತ್ತಾಗೋದಿಲ್ವೇನೋ?”

“ಗೊತ್ತಾಗ್ತದೆ, ಗೊತ್ತಿದ್ದವರಿಗೆ. ಅಂಗಳದಲ್ಲಿ ಹೊಸ ಬಿರುಕು. ಬಾಗಿಲು ಇದ್ದಕ್ಕಿದ್ದ ಹಾಗೆ ಹಾಕಲಿಕ್ಕೆ ಬರೋದಿಲ್ಲ. ಗುಡ್ಡದಿಂದ ಬರೋ ಒರತೆ ನೀರು ಕೆಂಪಾಗ್ತದೆ, ಇಲ್ಲ ನಿಂತೇ ಹೋಗ್ತದೆ. ನಮ್ಮಲ್ಲಿ ಹಿಂದಿನ ದಿನ ಒರತೆ ಕೆಂಪಾಗಿತ್ತು. ಅಪ್ಪಯ್ಯ ದನದ ಕೊಟ್ಟಿಗೆ ಖಾಲಿ ಮಾಡಿಸಿದ. ಅದಕ್ಕೇ ದನ ಉಳಿದವು.”

2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಜನ, ಲಾರಿ ಎಲ್ಲ ಹೋದ ಸುದ್ದಿ ನೀವೂ ಟೀವಿಯಲ್ಲಿ ನೋಡಿರುತ್ತೀರಿ. ಅಲ್ಲಿ ಪಕ್ಕದಲ್ಲಿ ಹರಿಯುವ ಗಂಗಾವಳಿ ಬೇರೆ ಯಾರೂ ಅಲ್ಲ, ಇದೇ ಬೇಡ್ತಿ. ಘಟ್ಟ ಇಳಿದ ಮೇಲೆ ಹೆಸರು ಬದಲಾಯಿಸಿಕೊಳ್ಳುತ್ತಾಳೆ, ನಮ್ಮ ನಟಿಯರ ಹಾಗೆ!

ಒಂದು ಬಂಡೆಯ ಮೇಲೆ ಕೂತು ಮಾಣಿ ತಂದಿದ್ದ ಅವಲಕ್ಕಿ ಬಿಚ್ಚಿದೆವು. ಕೆಳಗಿನ ಕಣಿವೆ ತೋರಿಸಿ ಹೇಳಿದ:

“ಅಣೆಕಟ್ಟು ಆಗಿದ್ದಿದ್ರೆ ಈ ಹೊಳೆ ಹೀಗೆ ಇರ್ತಿರಲಿಲ್ಲ, ಗೊತ್ತಾ?”

ನನಗೆ ಅರ್ಧಂಬರ್ಧ ಗೊತ್ತಿತ್ತು. ಅವನು ಪೂರ್ತಿ ಹೇಳಿದ. ಎಪ್ಪತ್ತರ ದಶಕದಲ್ಲಿ ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂತು. ಈ ಸೀಮೆಯ ಅಡಿಕೆ ತೋಟಗಾರರು ಬೇಡ ಅಂದರು. ಬರೀ ಘೋಷಣೆ ಕೂಗಿ ಸುಮ್ಮನಾಗಲಿಲ್ಲ. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನು ಕರೆಸಿ ವಿಚಾರ ಸಂಕಿರಣ ಮಾಡಿಸಿದರು. ಎಷ್ಟು ಕಾಡು ಮುಳುಗುತ್ತದೆ, ಎಷ್ಟು ತೋಟ ಹೋಗುತ್ತದೆ, ಬರುವ ವಿದ್ಯುತ್ತಿಗೆ ಅದು ತಾಳೆ ಆಗುತ್ತದೋ ಅಂತ ಲೆಕ್ಕ ಹಾಕಿಸಿದರು. ಯೋಜನೆ ಅಲ್ಲಿಗೆ ನಿಂತಿತು. ಅದಾದ ಎರಡು ವರ್ಷಕ್ಕೆ, 1983ರ ಸೆಪ್ಟೆಂಬರ್ 8ರಂದು, ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಕಡಿಯುವ ಮರಗಳನ್ನು ತಬ್ಬಿಕೊಂಡರು. ಅದೇ ಅಪ್ಪಿಕೋ ಚಳವಳಿ. ಈಚೆಗೆ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಯೋಜನೆಯ ಮಾತು ಬಂದಾಗಲೂ ಈ ತಾಲೂಕುಗಳ ಜನ ಮತ್ತೆ ಎದ್ದು ಕೂತಿದ್ದಾರೆ.

ಕಾಡಿನ ಮೇಲೆ ಇಷ್ಟು ಪ್ರೀತಿ ಯಾಕೆ ಅಂತ ಕೇಳಬೇಡಿ. ಇಲ್ಲಿ ತೋಟ ಅಂದರೆ ತೋಟ ಮಾತ್ರ ಅಲ್ಲ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ‘ಸೊಪ್ಪಿನ ಬೆಟ್ಟ’ ಬಿಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಈ ಕಾಡುಗಳಲ್ಲಿ ಹವ್ಯಕರು ಮಾತ್ರ ಅಲ್ಲ, ಗೌಳಿಗಳಿದ್ದಾರೆ, ಸಿದ್ದಿಗಳಿದ್ದಾರೆ. ನಮ್ಮ ತೆರೆಯ ಮೇಲೆ ಕಾಣುವ ನಟ ಪ್ರಶಾಂತ್ ಸಿದ್ದಿ ಆ ಸಮುದಾಯದವರೇ. ಗುಡ್ಡ ಹೋದರೆ ಇಷ್ಟೂ ಜನರ ಮನೆ ಹೋಯಿತು.

ಮಾಣಿ ಅವಲಕ್ಕಿ ಮುಗಿಸಿ ಕೈ ಒರೆಸಿಕೊಂಡ.

“ಅವರು ಗೆದ್ದಿದ್ದು ಎಂತಕ್ಕೆ ಗೊತ್ತಾ? ಲೆಕ್ಕ ಸರಿ ಇತ್ತು, ಅದಕ್ಕೆ.”

ನನಗೆ ಚುರುಕ್ ಅಂದಿತು. ಅವನು ಬೇಕೆಂತಲೇ ಅಂದನೋ, ಮಾತಿಗೆ ಅಂದನೋ ಗೊತ್ತಿಲ್ಲ. ಆದರೆ ನನ್ನ ಬಾಯಿಂದ ನಾಲ್ಕು ವರ್ಷದ ಮಾತು ಹೊರಗೆ ಬಿತ್ತು. ಫೋಟೋ ವಿಷಯ, ಎರಡು ಎಕರೆ ವಿಷಯ, 500 ರೂಪಾಯಿ ವಿಷಯ. ಒಂದೂ ಬಿಡದೆ ಹೇಳಿದೆ.

ಸಿನಿಮಾದಲ್ಲಾದರೆ ಈಗ ಗೆಳೆಯ ಕಪಾಳಕ್ಕೆ ಹೊಡೆಯಬೇಕು, ಇಲ್ಲ ತಬ್ಬಿಕೊಳ್ಳಬೇಕು. ಮಾಣಿ ಎರಡೂ ಮಾಡಲಿಲ್ಲ. ಅವಲಕ್ಕಿಯ ಡಬ್ಬಿ ಚೀಲಕ್ಕೆ ಹಾಕಿದ.

“ಗೊತ್ತಿದೆ. ರಾತ್ರಿ ಮನೆಗೆ ಬಾ. ಅಪ್ಪಯ್ಯ ನಿನಗೊಂದು ತೋರಿಸಬೇಕು ಅಂತಿದ್ದ” ಅಂದು ಎದ್ದ. ಮುಂದಿನ ದಾರಿಯಲ್ಲಿ ಅವನು ಮುಂದೆ, ನಾನು ಹಿಂದೆ. ಮಾತಿಲ್ಲ.

ಜೇನುಕಲ್ಲು ತಲುಪಿದಾಗ ಅಲ್ಲಿ ಜಾತ್ರೆ! ಕಾರುಗಳು, ಬೈಕುಗಳು, ಕುರುಕಲು ತಿಂಡಿಯ ಪೊಟ್ಟಣಗಳು. ಹದಿನೆಂಟರ ಆಸುಪಾಸಿನ ಹುಡುಗನೊಬ್ಬ ಅಂಚಿನ ಬಂಡೆಯ ಮೇಲೆ ನಿಂತು ಕೈ ಚಾಚಿದ್ದ, ಅವನ ಗೆಳೆಯ ರೀಲ್ಸಿಗೆ ಚಿತ್ರೀಕರಿಸುತ್ತಿದ್ದ. ನನಗೆ ಕನ್ನಡಿ ನೋಡಿದ ಹಾಗಾಯಿತು.

“ಏ ತಮಾ! ಹಿಂದೆ ಬಾ! ಆ ಕಲ್ಲಿನ ಕೆಳಗೆ ಮಣ್ಣಿಲ್ಲ!” ಮಾಣಿ ಕೂಗಿದ ಕೂಗಿಗೆ ಹುಡುಗ ಬೆಚ್ಚಿ ಇಳಿದ. ಬಗ್ಗಿ ನೋಡಿದೆವು. ಬಂಡೆಯ ಅಡಿಯ ಮಣ್ಣು ಮಳೆಗೆ ತೊಳೆದು ಹೋಗಿ, ಕಲ್ಲು ನಾಲಿಗೆಯ ಹಾಗೆ ಹೊರಗೆ ಚಾಚಿಕೊಂಡಿತ್ತು. ಹನ್ನೊಂದು ವರ್ಷದ ಹಿಂದೆ ನಾನು ನಿಂತದ್ದು ಇಂಥದೇ ಒಂದು ಕಲ್ಲಿನ ಮೇಲೆ.

ಸೂರ್ಯ ಮುಳುಗಿದ. ಮೊದಲಿನಷ್ಟೇ ಚೆಂದ, ಸುಳ್ಳು ಯಾಕೆ ಹೇಳಲಿ. ಕೊಳ್ಳದಲ್ಲಿ ಹೊಗೆಯಂತೆ ಮಂಜು ತುಂಬಿತು. ಮಾಣಿ ಪಡುವಣಕ್ಕೆ ಕೈ ತೋರಿಸಿದ. ಅವನ ಊರು ಕಾಣಲಿಲ್ಲ, ಗುಡ್ಡಗಳು ಅಡ್ಡ ಇದ್ದವು. ಈ ಸಲ ನಾನು ‘ಲೊಕೇಷನ್’ ಅನ್ನಲಿಲ್ಲ.

ಹೋಗುವ ಮಿತ್ರರಿಗೆ ನಾಲ್ಕು ಮಾತು. ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಸುಮಾರು 70 ಕಿಲೋಮೀಟರ್, ಶಿರಸಿಯಿಂದ 50. ಎರಡೂ ಕಡೆಯಿಂದ ಬಸ್ಸಿದೆ. ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಹೋದರೆ ಮಾಗೋಡಿನಲ್ಲಿ ನೀರೂ ಇರುತ್ತದೆ, ಮಂಜಿನ ಪರದೆಯೂ ಸರಿದಿರುತ್ತದೆ. ಜೋರು ಮಳೆಯ ದಿನಗಳಲ್ಲಿ ಘಟ್ಟದ ಕಡೆ ಪ್ರವಾಸ ಬೇಡ. ಕಾಲುದಾರಿಯಲ್ಲಿ ಹೋಗುವುದಾದರೆ ಊರಿನವರನ್ನು ಕೇಳಿ, ಜೊತೆ ಮಾಡಿಕೊಂಡು ಹೋಗಿ. ಅಂಚಿಗೆ ಹೋಗಬೇಡಿ. ಹೆಜ್ಜೇನಿನ ಹತ್ತಿರ ಹೊಗೆ, ಗಲಾಟೆ ಬೇಡ. ತಂದ ಪೊಟ್ಟಣ ವಾಪಸ್ ತನ್ನಿ.

ಆಟ ಮುಗಿದ ಮೇಲೆ

ಬೈಕಿನಲ್ಲಿ ಒಂದು ಗಂಟೆಗೂ ಮೇಲೆ ಕಾಡು ರಸ್ತೆ. ಮಾಣಿಯ ಮನೆ ಮುಟ್ಟಿದಾಗ ಕತ್ತಲೆ. ಅಮ್ಮ ಹೊರಗೆ ಬಂದು “ಆಸ್ರಿಗೆ ಎಂತ ಕೊಡ್ಲಿ?” ಅಂದರು. ನನಗೆ ಗೊತ್ತಿದ್ದ ಒಂದೇ ಒಂದು ಹವ್ಯಕ ಮಾತು, “ಎಂತಾದ್ರೂ ಅಡ್ಡಿಲ್ಲೆ” ಅಂದೆ. ನಕ್ಕರು. ಮಜ್ಜಿಗೆ ಬಂತು.

ಅಪ್ಪಯ್ಯ ಜಗಲಿಯಲ್ಲಿ ಕವಳ ಹಾಕುತ್ತ ಕೂತಿದ್ದರು. “ಬಾ ತಮಾ, ಕೂತ್ಕ” ಅಂದವರೇ ಒಳಗಿನಿಂದ ಒಂದು ರಟ್ಟಿನ ಫೈಲು ತರಿಸಿದರು. ಪರಿಹಾರದ ಅರ್ಜಿ, ಪಹಣಿ, ಪಂಚನಾಮೆಯ ನಕಲು. ಅವುಗಳ ನಡುವೆ ಪಿನ್ನು ಹೊಡೆದ ಒಂದು ಪತ್ರಿಕೆಯ ತುಣುಕು. ನನ್ನ ಬರಹ!

“ಪೇಪರಿನಲ್ಲಿ ಬಂದದ್ದು ಸಾಕ್ಷಿ ಆಗ್ತದೆ ಅಂತ ಅರ್ಜಿಗೆ ಹಚ್ಚಿದೆ. ಆಫೀಸಿನಲ್ಲಿ ಕೂತ ಮನುಷ್ಯ ಓದಿದ. ‘ಪಹಣಿಯಲ್ಲಿ ನಿಮ್ಮ ತೋಟ ಇರೋದೇ ಒಂದು ಎಕರೆ ಆರು ಗುಂಟೆ. ಎರಡು ಎಕರೆ ಹೋಯ್ತು ಅಂತ ಪೇಪರಿನವರಿಗೆ ಹೇಳಿದ್ದೀರಿ. ಸುಳ್ಳು ಹೇಳಿ ದುಡ್ಡು ತಗೊಳ್ಳಲಿಕ್ಕೆ ಬಂದಿದ್ದೀರಾ?’ ಅಂದ. ಮೂರು ಸಲ ಹೆಚ್ಚಿಗೆ ಹೋಗಿ ಬಂದೆ. ಮಳೆಯಲ್ಲಿ ರಸ್ತೆ ಇರಲಿಲ್ಲ, ಅರ್ಧ ದಾರಿ ನಡೆದೇ.”

ಸಿಟ್ಟಿಲ್ಲದೆ ಹೇಳಿದರು. ಅದೇ ಕಷ್ಟ ಆದದ್ದು. ತುಣುಕನ್ನು ದೀಪಕ್ಕೆ ಹಿಡಿದು ನೋಡಿದೆ. ‘ಎರಡು ಎಕರೆ’ ಎಂಬುದರ ಮೇಲೆ ನೀಲಿ ಪೆನ್ನಿನಲ್ಲಿ ಗೆರೆ. ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ‘28 ಗುಂಟೆ’. ಕೆಳಗೆ ಸಹಿ.

“ಮತ್ತೆ ಆ ಫೋಟೋ...” ಅಂದೆ. ಗಂಟಲು ಕಟ್ಟಿತ್ತು. “ಮಾಣಿ ತೆಗೆದದ್ದಕ್ಕೆ ನನ್ನ ಹೆಸರು ಹಾಕಿಕೊಂಡೆ.”

“ನಾ ತೆಗೆದದ್ದಲ್ಲ ಮಾರಾಯ” ಅಂದ ಮಾಣಿ ಬಾಗಿಲಿನಿಂದ. “ಅಪ್ಪಯ್ಯ ತೆಗೆದದ್ದು. ನಾನು ದನ ಹೊಡೀತಿದ್ದೆ. ನೆಟ್‌ವರ್ಕ್ ಇರಲಿಲ್ಲ, ಎರಡನೇ ದಿನ ಗುಡ್ಡ ಹತ್ತಿ ಕಳಿಸಿದೆ, ಅಷ್ಟೇ.”

ಫೋಟೋ ಯಾಕೆ ಅಲುಗಿತ್ತು ಅಂತ ಅವತ್ತು ತಿಳಿಯಿತು. ಅಪ್ಪಯ್ಯ ಮೊದಲ ಬಾರಿಗೆ ಮೊಬೈಲಿನಲ್ಲಿ ತೆಗೆದ ಫೋಟೋ ಅದಂತೆ.

ನಾನು ಜೇಬಿನಿಂದ 500 ರೂಪಾಯಿ ತೆಗೆದೆ. ಅವರು ಮುಟ್ಟಲಿಲ್ಲ. “ದುಡ್ಡು ಎಂತಕ್ಕೆ? ಪರಿಹಾರ ಬಂತು. ಸಸಿಗೆ, ಆಳಿನ ಖರ್ಚಿಗೆ ಆಯ್ತು. ಇನ್ನೊಮ್ಮೆ ಬರೆಯೋದಾದ್ರೆ ಸರಿ ಮಾಡಿ ಬರಿ ತಮಾ” ಅಂದರು.

ಬೆಳಿಗ್ಗೆ ಎದ್ದು ತೋಟಕ್ಕೆ ಇಳಿದೆ. ಜಾರಿದ ಜಾಗದಲ್ಲಿ ಹುಲ್ಲು, ಗಿಡ ಬಂದು ಗಾಯ ಮುಚ್ಚಿದೆ. ಅಲ್ಲಿ ಏನೂ ನೆಡಬಾರದು, ಕಾಡು ಬೆಳೆಯಲಿ ಅಂತ ಬಿಟ್ಟಿದ್ದಾರೆ. ಉಳಿದ 18 ಗುಂಟೆಯಲ್ಲಿ ಕೊನೆಗೌಡ ಮರ ಹತ್ತಿದ್ದ. ಮೇಲಿನಿಂದ ಕೊನೆ ಹಗ್ಗದಲ್ಲಿ ಜಾರಿ ಬರುತ್ತಿತ್ತು, ಮಾಣಿ ಕೆಳಗೆ ಹಿಡಿಯುತ್ತಿದ್ದ. ಮನೆಯ ಮೇಲ್ಭಾಗದಲ್ಲಿ 2022ರಲ್ಲಿ ಹಚ್ಚಿದ ಸಸಿಗಳು ಎದೆಯೆತ್ತರ ದಾಟಿವೆ. ಅಡಿಕೆ ಫಸಲು ಕೊಡಲು ಐದಾರು ವರ್ಷ ಬೇಕು. ಇನ್ನೆರಡು ವರ್ಷ ಕಾಯಬೇಕು. ಮಳೆಗಾಲದಲ್ಲಿ ಈಗಲೂ ಅಪ್ಪಯ್ಯ ದಿನಾ ಬೆಳಿಗ್ಗೆ ಮೊದಲು ನೋಡುವುದು ಒರತೆ ನೀರಿನ ಬಣ್ಣವನ್ನಂತೆ.

ಆದ್ದರಿಂದ ಮಿತ್ರರೇ, ಸರಿ ಮಾಡಿ ಬರೆಯುತ್ತಿದ್ದೇನೆ. 2021ರ ಜುಲೈಯಲ್ಲಿ ನನ್ನ ಗೆಳೆಯನ ಮನೆಯ ತೋಟದಲ್ಲಿ ಹೋದದ್ದು ಎರಡು ಎಕರೆಯಲ್ಲ, 28 ಗುಂಟೆ. ಆ ಫೋಟೋ ತೆಗೆದದ್ದು ನಾನಲ್ಲ, ಅವನ ಅಪ್ಪಯ್ಯ. ಈ ಲೇಖನವನ್ನು ಅಚ್ಚಿಗೆ ಕಳಿಸುವ ಮೊದಲು ಫೋನಿನಲ್ಲಿ ಅವರಿಗೆ ಓದಿ ಹೇಳಿದ್ದೇನೆ. ಎಲ್ಲ ಕೇಳಿ, “ಅಡ್ಡಿಲ್ಲೆ” ಅಂದಿದ್ದಾರೆ.